ನಾಗವಲ್ಲಿಯ ಭಾಷೆ ಯಾವುದು? ‘ಮಣಿಚಿತ್ರತ್ತಾಳ್’ ಚಿತ್ರವೂ ಗಡಿನಾಡಿನ ಮನೆಗಳೂ

ಮಲಯಾಳದ ‘ಮಣಿಚಿತ್ರತ್ತಾಳ್’ 1993ರ ಡಿಸೆಂಬರ್ ತಿಂಗಳಿನಲ್ಲಿ ತೆರೆಗೆ ಬಂದಿತು. ಮೂರು ದಶಕಗಳ ಬಳಿಕ, 2024ರ ಆಗಸ್ಟ್ ತಿಂಗಳಿನಲ್ಲಿ, ಸಂಸ್ಕರಿಸಿದ ಹೊಸ ಪ್ರತಿಯಾಗಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ, ಅದು ಮೊದಲು ತೆರೆಕಂಡ ಕಾಲಕ್ಕೆ ಹುಟ್ಟಿಯೇ ಇರದ ಮಕ್ಕಳೂ ಅದನ್ನು ನೋಡಿದರು. ಕನ್ನಡದಲ್ಲಿ ‘ಆಪ್ತಮಿತ್ರ’ (2004), ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಎಂಬ ರೂಪಗಳಲ್ಲಿ ಅದೇ ಕಥೆ ದೇಶದ ಬಹುಭಾಗಕ್ಕೆ ಪರಿಚಿತವಾಗಿದೆ. ಗಡಿನಾಡಿನ ಕನ್ನಡ ಕುಟುಂಬಗಳಂತೂ ಈ ಕಥೆಯನ್ನು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಕಂಡಿರುವುದು ಸಹಜ. ಕಾಸರಗೋಡಿನವರಿಗೆ ಮಲಯಾಳದ ಗಂಗೆಯೂ ಕನ್ನಡದ ಗಂಗೆಯೂ ಗೊತ್ತು. ಹೊಸೂರು, ತಾಳವಾಡಿಗಳವರಿಗೆ ಕನ್ನಡದ ನಾಗವಲ್ಲಿಯೂ ತಮಿಳಿನ ಚಂದ್ರಮುಖಿಯೂ ಗೊತ್ತು.

ಇಷ್ಟು ಜನಪ್ರಿಯವಾದ ಚಿತ್ರ ನಿಜವಾಗಿ ಹೇಳಿದ್ದೇನು, ಪ್ರೇಕ್ಷಕರು ಅದರಿಂದ ಗ್ರಹಿಸಿದ್ದೇನು ಎಂಬುದನ್ನು ವಿಚಾರಿಸಿ ನೋಡಬೇಕಾಗಿದೆ. ಚಿತ್ರ ಹೇಳಿದ್ದು ರೋಗದ ಕಥೆ. ಜನಮನದಲ್ಲಿ ಬಹುಮಟ್ಟಿಗೆ ಉಳಿದದ್ದು ದೆವ್ವದ ಕಥೆ. ಈ ಎರಡರ ನಡುವಿನ ಅಂತರದಲ್ಲಿ ಭಾಷೆಗೆ ಒಂದು ವಿಚಿತ್ರವಾದ ಪಾತ್ರವಿದೆ. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಆ ಪಾತ್ರವೇ ಮುಖ್ಯವಾದುದು.

ಕಥೆ ಮತ್ತು ಅದರ ಕಟ್ಟಡ

ನಕುಲನೂ ಅವನ ಹೆಂಡತಿ ಗಂಗೆಯೂ ಕಲ್ಕತ್ತಾದಿಂದ ಕೇರಳದ ಮಾಡಂಪಳ್ಳಿ ಎಂಬ ಪೂರ್ವಿಕರ ಮನೆಗೆ ಬರುತ್ತಾರೆ. ಆ ಮನೆಯ ದಕ್ಷಿಣದ ಕೋಣೆಯೊಂದಕ್ಕೆ ಚಿತ್ತಾರದ ಬೀಗ ಹಾಕಲಾಗಿದೆ. ಚಿತ್ರಕ್ಕೆ ಆ ಬೀಗದ್ದೇ ಹೆಸರು. ಹಿಂದೊಮ್ಮೆ ಆ ಮನೆಯ ಯಜಮಾನನಾಗಿದ್ದ ಶಂಕರನ್ ತಂಪಿ ತಂಜಾವೂರಿನಿಂದ ನಾಗವಲ್ಲಿ ಎಂಬ ನರ್ತಕಿಯನ್ನು ಕರೆತಂದನು. ಅವಳು ರಾಮನಾಥನ್ ಎಂಬ ನರ್ತಕನನ್ನು ಪ್ರೀತಿಸಿದ್ದಳು. ತಂಪಿ ಅವಳನ್ನು ದುರ್ಗಾಷ್ಟಮಿಯ ರಾತ್ರಿ ಕೊಂದನು ಎಂಬುದು ಐತಿಹ್ಯ. ಗಂಗೆ ಆ ಬೀಗವನ್ನು ತೆರೆಸುತ್ತಾಳೆ. ಅನಂತರ ಮನೆಯಲ್ಲಿ ವಿಚಿತ್ರ ಘಟನೆಗಳು ನಡೆಯತೊಡಗುತ್ತವೆ. ನಕುಲನ ಗೆಳೆಯನೂ ಮನೋವೈದ್ಯನೂ ಆದ ಸಣ್ಣಿ ಅಮೆರಿಕದಿಂದ ಬರುತ್ತಾನೆ.

ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ಈ ಚಿತ್ರದ ಜಾಣ್ಮೆ ಅದರ ಕಟ್ಟಡದಲ್ಲಿದೆ. ಮೊದಲರ್ಧದಲ್ಲಿ ಹಾಸ್ಯವೇ ಹೆಚ್ಚು. ನೆಡುಮುಡಿ ವೇಣು, ಇನ್ನಸೆಂಟ್, ಕೆ.ಪಿ.ಎ.ಸಿ. ಲಲಿತಾ, ಕುದಿರವಟ್ಟಂ ಪಪ್ಪು ಮುಂತಾದವರು ಪ್ರೇಕ್ಷಕರನ್ನು ನಗಿಸುತ್ತಲೇ ಇರುತ್ತಾರೆ. ಅಷ್ಟರಲ್ಲಿ ನಮ್ಮ ಸಂಶಯ ನಿಧಾನವಾಗಿ ಶ್ರೀದೇವಿ ಎಂಬ ಬಂಧುವಿನ ಕಡೆಗೆ ತಿರುಗುತ್ತದೆ. ಅವಳ ಜಾತಕದಲ್ಲಿ ಕುಜದೋಷ, ಮದುವೆ ಮುರಿದುಬಿದ್ದಿದೆ, ಹಿಂದೊಮ್ಮೆ ನಕುಲನಿಗೆ ಅವಳನ್ನು ಕೊಡುವ ಮಾತಿತ್ತು. ಇಷ್ಟು ಸಾಕು, ಮನೆಯವರೂ ನಾವೂ ಅವಳೇ ಅಪರಾಧಿ ಎಂದು ತೀರ್ಮಾನಿಸಿಬಿಡುತ್ತೇವೆ. ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ನಿಜವಾಗಿ ನೊಂದಿರುವವಳು ನಗುನಗುತ್ತ ಓಡಾಡುತ್ತಿದ್ದ ಗಂಗೆ ಎಂಬುದು ತಿಳಿದಾಗ ಪ್ರೇಕ್ಷಕನಿಗೆ ಭಯದ ಜೊತೆಗೆ ನಾಚಿಕೆಯೂ ಆಗಬೇಕು. ಆ ಶ್ರೀದೇವಿಯ ಪಾತ್ರವನ್ನು ವಹಿಸಿದವರು ಉಡುಪಿಯವರಾದ ಕನ್ನಡದ ಕಲಾವಿದೆ ವಿನಯಾ ಪ್ರಸಾದ್.

ಚಿತ್ರೀಕರಣ ನಡೆದ ಸ್ಥಳಗಳಲ್ಲಿ ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಒಂದು, ಪದ್ಮನಾಭಪುರದ ಅರಮನೆ ಇನ್ನೊಂದು. ಪದ್ಮನಾಭಪುರ ಇರುವುದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ. ಅರಮನೆಯನ್ನು ನೋಡಿಕೊಳ್ಳುತ್ತಿರುವುದು ಕೇರಳದ ಪುರಾತತ್ತ್ವ ಇಲಾಖೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆಯಲ್ಪಟ್ಟಾಗ ಆ ಪ್ರದೇಶ ತಿರುವಾಂಕೂರಿನಿಂದ ಬೇರ್ಪಟ್ಟು ಮದರಾಸಿಗೆ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ತಮಿಳು ನರ್ತಕಿಯೊಬ್ಬಳು ಮಲಯಾಳಿ ಮನೆಯೊಳಗೆ ಬಂದು ಸೇರಿಕೊಳ್ಳುವ ಕಥೆಗೆ ಇಂತಹ ಎರಡು ನೆಲೆಗಳ ಅರಮನೆ ದೊರೆತದ್ದು ಆಕಸ್ಮಿಕವಿರಬಹುದು. ಆದರೂ ಅದು ತಕ್ಕ ನೆಲೆಯೇ.

ಭಯ ಹುಟ್ಟುವುದು ಎಲ್ಲಿಂದ?

ಚಿತ್ರದಲ್ಲಿ ಎಲ್ಲರೂ ನೆನೆಯುವ ದೃಶ್ಯವೊಂದಿದೆ. ಒಡವೆ ಕೊಳ್ಳಲು ಅಲ್ಲಿ ಎಂಬ ಹುಡುಗಿಯ ಜೊತೆ ಹೊರಡುವೆನೆಂದು ಗಂಗೆ ಹೇಳುತ್ತಾಳೆ, ನಕುಲನು ಬೇಡವೆನ್ನುತ್ತಾನೆ. ಒಡನೆಯೇ ಅವಳ ಕಣ್ಣು ಬದಲಾಗುತ್ತದೆ, ದನಿ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ. ಮಲಯಾಳದಲ್ಲಿ ಆರಂಭವಾದ ಮಾತು ತಮಿಳಿನಲ್ಲಿ ಮುಗಿಯುತ್ತದೆ. ಅವಳು ಒಂದೇ ಕೈಯಲ್ಲಿ ಮಂಚವನ್ನು ಎತ್ತುತ್ತಾಳೆ. ರಕ್ತವಿಲ್ಲ, ಹೊಗೆಯಿಲ್ಲ, ಬಿಳಿಸೀರೆಯ ಪ್ರೇತವಿಲ್ಲ. ಇಷ್ಟು ಹೊತ್ತು ಪರಿಚಿತಳಾಗಿದ್ದ ಹೆಂಡತಿಯ ಬಾಯಿಂದ ನೆರೆನಾಡಿನ ಭಾಷೆ ಹೊರಟದ್ದೇ ಗಂಡನನ್ನೂ ಪ್ರೇಕ್ಷಕನನ್ನೂ ನಡುಗಿಸುತ್ತದೆ.

ಈ ಎರಡು ವ್ಯಕ್ತಿಗಳಿಗೆ ಚಿತ್ರದಲ್ಲಿ ಎರಡು ದನಿಗಳೇ ಇದ್ದವು. ಗಂಗೆಯ ಮಲಯಾಳಕ್ಕೆ ದನಿ ಕೊಟ್ಟವರು ಭಾಗ್ಯಲಕ್ಷ್ಮಿ; ನಾಗವಲ್ಲಿಯ ತಮಿಳಿಗೆ ದನಿ ಕೊಟ್ಟವರು ದುರ್ಗಾ. ಎರಡನೆಯವರ ಹೆಸರು ಬಹುಕಾಲದವರೆಗೆ ಸಾಮಾನ್ಯ ಪ್ರೇಕ್ಷಕರಿಗೆ ತಿಳಿದಿರಲಿಲ್ಲ. ಎರಡು ದನಿಗಳನ್ನೂ ಒಂದೇ ದೇಹದಲ್ಲಿ ನಿಲ್ಲಿಸಿದವರು ಶೋಭನಾ. ಭರತನಾಟ್ಯದ ಶಿಸ್ತಿನಿಂದ ಬಂದ ಅವರು ನಿಲುವು, ಕತ್ತಿನ ತಿರುವು, ದೃಷ್ಟಿ ಇವುಗಳಿಂದಲೇ ಇಬ್ಬರನ್ನೂ ಬೇರ್ಪಡಿಸಿ ತೋರಿಸಿದರು. ಆ ವರ್ಷದ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಸದಭಿರುಚಿಯ ಮನರಂಜನೆ ನೀಡುವ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ‘ಮಣಿಚಿತ್ರತ್ತಾಳ್’ಗೆ ದೊರೆಯಿತು.

ಕಥೆ ಬೇರೆ ಭಾಷೆಗಳಿಗೆ ಹೋದಾಗ ಮನೆ ಬದಲಾಯಿತು, ರಾಜನ ಹೆಸರು ಬದಲಾಯಿತು, ನಾಯಕನ ಗಾತ್ರ ಬದಲಾಯಿತು. ಬದಲಾಗದೆ ಉಳಿದ ಸೂತ್ರವೊಂದಿದೆ. ಮಲಯಾಳದಲ್ಲಿ ಒಳಗಿನವಳು ತಮಿಳು ಮಾತನಾಡಿದರೆ, ‘ಆಪ್ತಮಿತ್ರ’ದ ನಾಗವಲ್ಲಿ ತೆಲುಗು ಮಾತನಾಡುತ್ತಾಳೆ, ತಮಿಳಿನ ಚಂದ್ರಮುಖಿಯೂ ತೆಲುಗಿನವಳು, ಹಿಂದಿಯ ಮಂಜುಲಿಕಾ ಬಂಗಾಳದವಳು. ಪ್ರತಿ ಭಾಷೆಯೂ ತನ್ನ ಭಯವನ್ನು ಪಕ್ಕದ ಭಾಷೆಗೆ ವಹಿಸಿಕೊಟ್ಟಿದೆ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ತೀರ ಅಪರಿಚಿತ ಭಾಷೆಯಾದರೆ ಪ್ರೇಕ್ಷಕನಿಗೆ ಅದು ಬರಿಯ ಸದ್ದು. ತನ್ನದೇ ಭಾಷೆಯಾದರೆ ವಿಸ್ಮಯವಿಲ್ಲ. ಅರ್ಧ ತಿಳಿದು ಅರ್ಧ ತಿಳಿಯದ ನೆರೆಯ ಭಾಷೆಯೇ ಮನಸ್ಸನ್ನು ಕಲಕುತ್ತದೆ. ಆದರೆ ಈ ಲೆಕ್ಕ ಒಂದೇ ಭಾಷೆಯ ಪ್ರೇಕ್ಷಕನನ್ನು ಮುಂದಿಟ್ಟುಕೊಂಡು ಮಾಡಿದ್ದು. ಮಡಕಶಿರ, ರಾಯದುರ್ಗಗಳ ಕನ್ನಡ ಮಗುವಿಗೆ ‘ಆಪ್ತಮಿತ್ರ’ದ ತೆಲುಗು ಹಾಡು ಸಂತೆಯಲ್ಲಿ ಕೇಳುವ ಭಾಷೆಯ ಹಾಡು. ತಾಳವಾಡಿಯ ಮಗುವಿಗೆ ಮಲಯಾಳದ ನಾಗವಲ್ಲಿಯ ತಮಿಳು ಬಸ್ಸಿನಲ್ಲಿ ಕೇಳುವ ತಮಿಳು. ಕನ್ನಡದ ಗಂಗೆಯಾಗಿ ನಟಿಸಿದ ಸೌಂದರ್ಯ ಅವರೇ ಆಂಧ್ರದ ಗಡಿಗೆ ಸಮೀಪದ ಮುಳಬಾಗಿಲಿನವರು. ತೆಲುಗು ಚಿತ್ರರಂಗದಲ್ಲಿ ಅಗ್ರಸ್ಥಾನ ಪಡೆದ ಕನ್ನಡತಿ. ಅವರ ಬಾಯಲ್ಲಿ ತೆಲುಗು ಪರಕೀಯವಾಗಿರಲಿಲ್ಲ. 2004ರ ಏಪ್ರಿಲ್ ತಿಂಗಳಿನಲ್ಲಿ ಅವರು ವಿಮಾನ ದುರಂತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ. ಕನ್ನಡದ ಪ್ರೇಕ್ಷಕರು ನಾಗವಲ್ಲಿಯನ್ನು ಕಂಡದ್ದು ಆ ದುಃಖದ ನೆರಳಿನಲ್ಲಿ.

ಆದುದರಿಂದ ಮಕ್ಕಳೊಡನೆ ಈ ಚಿತ್ರ ನೋಡುವಾಗ ಒಂದು ಮಾತನ್ನು ಬಿಡಿಸಿ ಹೇಳುವುದು ಒಳ್ಳೆಯದು. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಶಾಲೆಯ ಪುಸ್ತಕದಲ್ಲಿ ಮತ್ತೊಂದು ಇರುವುದು ಎರಡು ವ್ಯಕ್ತಿತ್ವವಲ್ಲ. ಅದು ಒಂದೇ ಮನಸ್ಸಿನ ಸಿರಿವಂತಿಕೆ. ರೋಗ ಯಾರಿಗೂ ಕಲಿಯದ ಭಾಷೆಯನ್ನು ದಾನ ಮಾಡುವುದೂ ಇಲ್ಲ. ಕಿವಿ ಎಂದೋ ಕೂಡಿಟ್ಟುಕೊಂಡಿರುವುದನ್ನಷ್ಟೇ ಮನಸ್ಸು ಹೊರತೆಗೆಯಬಲ್ಲದು. ಅದಕ್ಕಿಂತ ಹೆಚ್ಚಿನದೆಲ್ಲವೂ ಚಿತ್ರಕಥೆಯ ಸ್ವಾತಂತ್ರ್ಯ.

ಪ್ರೇಕ್ಷಕರು ಉಳಿಸಿಕೊಂಡದ್ದೇನು?

ಮೂಲಚಿತ್ರದ ನಿಲುವು ಸ್ಪಷ್ಟ. ಗಂಗೆಯ ಬಾಲ್ಯವನ್ನು ಸಣ್ಣಿ ವಿವರಿಸುವ ಭಾಗದಲ್ಲಿ ಅದರ ತಿರುಳಿದೆ. ತಂದೆತಾಯಿಗಳು ದೂರದ ಕಲ್ಕತ್ತಾದಲ್ಲಿ. ಮಗು ಊರಿನಲ್ಲಿ ಅಜ್ಜಿಯ ಆಶ್ರಯದಲ್ಲಿ. ಅಜ್ಜಿಯ ಕಥೆಗಳೇ ಅವಳ ಲೋಕ. ಆ ಲೋಕದಿಂದ ತನ್ನನ್ನು ಕಿತ್ತು ಒಯ್ಯುತ್ತಾರೆಂಬ ಅರಿವು ಅವಳ ಎಳೆಯ ಮನಸ್ಸನ್ನು ಒಡೆಯಿತು. ಬೀಗ ಹಾಕಿದ ಕೋಣೆಯಿಂದ ಹೊರಬಂದದ್ದು ಪ್ರೇತವಲ್ಲ, ಅವಳೊಳಗೇ ಬೀಗ ಹಾಕಿಕೊಂಡಿದ್ದ ನೋವು. ನಾಗವಲ್ಲಿಯ ದುರಂತ ಆ ನೋವಿಗೊಂದು ವೇಷವನ್ನು ಒದಗಿಸಿತು, ಅಷ್ಟೇ.

ಆದರೆ ಚಿತ್ರವೇ ಎರಡು ದೋಣಿಗಳಲ್ಲಿ ಕಾಲಿಟ್ಟಿದೆ. ತಿಲಕನ್ ಅಭಿನಯಿಸಿದ ತಂತ್ರಿಯೂ ಮನೋವೈದ್ಯನೂ ಕೂಡಿ ದುರ್ಗಾಷ್ಟಮಿಯ ರಾತ್ರಿ ಮಂತ್ರವಾದದ ರಂಗಸಜ್ಜಿಕೆಯಲ್ಲಿಯೇ ಗಂಗೆಯನ್ನು ಗುಣಪಡಿಸುತ್ತಾರೆ. ನಾಗವಲ್ಲಿ ತನ್ನ ಸೇಡು ತೀರಿತೆಂದು ನಂಬುವಂತೆ ಮಾಡಿ ಅವಳನ್ನು ಕಳುಹಿಸಿಬಿಡುತ್ತಾರೆ. ವಿಜ್ಞಾನವನ್ನು ನಂಬುವವನು ವೈದ್ಯನ ಉಪಾಯವನ್ನು ಮೆಚ್ಚಿದನು. ದೆವ್ವವನ್ನು ನಂಬುವವನು ಉಚ್ಚಾಟನೆಯನ್ನು ಕಂಡನು. ಇಬ್ಬರೂ ತೃಪ್ತರಾಗಿ ಮನೆಗೆ ಹೋದರು. ಚಿತ್ರದ ಯಶಸ್ಸಿನ ಗುಟ್ಟು ಇದೇ. ಅದರ ದೌರ್ಬಲ್ಯವೂ ಇದೇ.

ಮರುರೂಪಗಳಲ್ಲಿ ತಕ್ಕಡಿ ಇನ್ನಷ್ಟು ವಾಲಿತು. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಅವರ ವೈದ್ಯ ಪಾತ್ರ ವೀರನಾಯಕನ ಮಟ್ಟಕ್ಕೆ ಏರಿತು. ಮನೆಯಲ್ಲಿ ಹೆಬ್ಬಾವಿನಂತಹ ಸರ್ಪವೊಂದು ಹರಿದಾಡಿತು. ಅದು ಯಾರ ಮನೋರೋಗವೂ ಅಲ್ಲ, ಅದಕ್ಕೆ ವಿವರಣೆಯೂ ಇಲ್ಲ. ಚಿತ್ರ ಒಂದು ವರ್ಷಕ್ಕೂ ಮೀರಿ ಓಡಿತು. ಮುಂದುವರಿದ ಕಥೆಯಾಗಿ 2010ರಲ್ಲಿ ಬಂದ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಹೊಕ್ಕ ಮನೆಗೆ ಕೇಡು ತಟ್ಟುತ್ತದೆ. ಹಿಂದಿಯ 2022ರ ಉತ್ತರಭಾಗದಲ್ಲಂತೂ ಪ್ರೇತ ನಿಜವಾದ ಪ್ರೇತವೇ. ರೋಗಿಯಾಗಿದ್ದವಳು ಹೀಗೆ ಹಂತಹಂತವಾಗಿ ಭೂತವಾದಳು. ಇಂದು ‘ನಾಗವಲ್ಲಿ’ ಎಂಬ ಹೆಸರು ಕೋಪಗೊಂಡ ಹೆಂಗಸನ್ನು ಹಾಸ್ಯ ಮಾಡುವ ಪದವಾಗಿ ಉಳಿದಿದೆ. ಗಂಗೆಯ ಬಾಲ್ಯವನ್ನು ನೆನಪಿಟ್ಟುಕೊಂಡವರು ವಿರಳ.

ಕನ್ನಡದ ಪ್ರೇಕ್ಷಕರು ಇದಕ್ಕೂ ಹಿಂದೆಯೇ ಇನ್ನೊಂದು ಚಿತ್ರವನ್ನು ಕಂಡಿದ್ದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ಶರಪಂಜರ’ದಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿ ಆಸ್ಪತ್ರೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಕಥೆ ಕಠೋರವಾಗುವುದು ಅಲ್ಲಿಂದ. ಗಂಡ, ನೆರೆಹೊರೆ, ಬಂಧುಗಳು ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ; ಆ ನೋಟವೇ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುತ್ತದೆ. ‘ಮಣಿಚಿತ್ರತ್ತಾಳ್’ ಒಂದು ರಾತ್ರಿಯಲ್ಲಿ ಮುಗಿಸಿದ್ದನ್ನು ‘ಶರಪಂಜರ’ ಅಲ್ಲಿಂದ ಮುಂದಕ್ಕೆ ಒಯ್ದು ತೋರಿಸಿತ್ತು. ಎರಡನ್ನೂ ಜೊತೆಯಾಗಿ ನೋಡಿದರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ವೈದ್ಯಶಾಸ್ತ್ರ ಹೇಳುವುದು

ಒಬ್ಬರಲ್ಲಿ ಬೇರೆ ಬೇರೆ ವ್ಯಕ್ತಿತ್ವಗಳು ತಲೆದೋರುವ ಸ್ಥಿತಿಯನ್ನು ಹಿಂದೆ ‘ಬಹುವ್ಯಕ್ತಿತ್ವ’ ಎಂದು ಕರೆಯುತ್ತಿದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಆ ಹೆಸರನ್ನು ಬಿಟ್ಟು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎಂಬ ಹೆಸರನ್ನು ಸ್ವೀಕರಿಸಿತು. ನೆನಪು, ಅರಿವು, ‘ನಾನು’ ಎಂಬ ಭಾವ ಇವು ಒಂದಕ್ಕೊಂದು ಹೆಣೆದುಕೊಳ್ಳದೆ ಬೇರೆಯಾಗಿ ನಿಲ್ಲುವುದು ಅದರ ಲಕ್ಷಣ. ಬಾಲ್ಯದ ತೀವ್ರ ನೋವಿನೊಡನೆ ಅದಕ್ಕೆ ನಂಟಿದೆ. ಇದು ಸ್ಕಿಜೋಫ್ರೇನಿಯ ಅಲ್ಲ. ಜನರು ಈ ಎರಡನ್ನೂ ಬೆರೆಸಿ ಮಾತನಾಡುವುದು ತಪ್ಪು. ಇಂತಹವರು ಅಪಾಯಕಾರಿಗಳೆಂಬ ಭಾವನೆಯನ್ನೂ ಚಿತ್ರಗಳೇ ಬೆಳೆಸಿವೆ. ಚಿಕಿತ್ಸೆ ಒಂದು ರಾತ್ರಿಯ ನಾಟಕವಲ್ಲ. ನಂಬಿಕೆ ಬೆಳೆಸಿ, ಮಾತನಾಡಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಕೆಲಸ.

ಕಾಸರಗೋಡಿನ ಕಡೆಯ ಮನೆಗಳಲ್ಲಿ ಇಲ್ಲೊಂದು ಪ್ರಶ್ನೆ ಏಳಬಹುದು. ಭೂತದ ಕೋಲದಲ್ಲಿ, ತೆಯ್ಯಂನಲ್ಲಿ ಮನುಷ್ಯನ ಬಾಯಿಂದ ದೈವ ಮಾತನಾಡುತ್ತದಲ್ಲವೇ, ಅದೂ ರೋಗವೇ? ಅಲ್ಲ. ಅಲ್ಲಿ ಸ್ಥಳ, ಕಾಲ, ಕಟ್ಟುಪಾಡುಗಳಿವೆ. ಪಾತ್ರಧಾರಿ ವ್ರತನಿಷ್ಠನಾಗಿ ಸಿದ್ಧನಾಗಿರುತ್ತಾನೆ. ಕೋಲ ಮುಗಿದ ಬಳಿಕ ತನ್ನ ಬದುಕಿಗೆ ಮರಳುತ್ತಾನೆ. ಸಮುದಾಯ ಒಪ್ಪಿರುವ ಆಚರಣೆಯ ಅಂಗವಾದ ಆವೇಶವನ್ನು ವೈದ್ಯಶಾಸ್ತ್ರವೂ ರೋಗವೆಂದು ಎಣಿಸುವುದಿಲ್ಲ. ಬೇಡದಿದ್ದರೂ ಬರುವುದು, ದಿನನಿತ್ಯದ ಬದುಕನ್ನು ಕೆಡಿಸುವುದು, ನೆನಪನ್ನು ಅಳಿಸುವುದು, ಸಂಕಟ ಕೊಡುವುದು ಇವು ರೋಗದ ಗುರುತುಗಳು. ಈ ಭೇದವನ್ನು ತಿಳಿದಿದ್ದರೆ ದೈವಕ್ಕೂ ಅಪಚಾರವಿಲ್ಲ, ರೋಗಿಗೂ ಅನ್ಯಾಯವಿಲ್ಲ.

ಚಿತ್ರದಲ್ಲಿ ಶ್ರೀದೇವಿಯನ್ನು ಕೂಡಿಹಾಕಿದಂತೆ ನಮ್ಮ ಊರುಗಳಲ್ಲಿ ರೋಗಿಗಳನ್ನು ಕೂಡಿಹಾಕಿದ, ಕಟ್ಟಿಹಾಕಿದ ಉದಾಹರಣೆಗಳು ಹೊಸವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕೆಂದು ಅದೇ ಕಾಯ್ದೆ ಸಾರಿದೆ.

‘ಬೇಜಾರು’ ಎಂಬ ಒಂದು ಪದ

ಗಡಿನಾಡಿನ ಕುಟುಂಬಗಳಿಗೆ ಈ ಹಕ್ಕಿನ ಜೊತೆಗೆ ಇನ್ನೊಂದು ಅಗತ್ಯವಿದೆ. ನೋವನ್ನು ಯಾವ ಭಾಷೆಯಲ್ಲಿ ಹೇಳುವುದು? ಕೈ ಮುರಿದರೆ ಎಕ್ಸ್‌ರೇ ಹೇಳುತ್ತದೆ; ಮನಸ್ಸು ನೊಂದರೆ ಮಾತೇ ಹೇಳಬೇಕು.

ಒಂದು ಪದವನ್ನಷ್ಟೇ ನೋಡೋಣ. ಕನ್ನಡದ ಮಗು ‘ಬೇಜಾರು’ ಎಂದರೆ ಮನಸ್ಸಿಗೆ ಹಿಡಿಸುತ್ತಿಲ್ಲ, ಉತ್ಸಾಹವಿಲ್ಲ, ದುಃಖವಾಗಿದೆ ಎಂಬ ಅರ್ಥಗಳಲ್ಲಿ ಯಾವುದಾದರೂ ಇರಬಹುದು. ಉತ್ತರ ಮಲಬಾರಿನ ಮಲಯಾಳದಲ್ಲಿಯೂ ‘ಬೇಜಾರ್’ ಎಂಬ ಪದವಿದೆ. ಆದರೆ ಅಲ್ಲಿ ಅದಕ್ಕೆ ಆತಂಕ, ಗಾಬರಿ ಎಂಬ ಅರ್ಥ. ತಿಂಗಳುಗಳಿಂದ ಖಿನ್ನಗೊಂಡಿರುವ ಹುಡುಗಿ ವೈದ್ಯರ ಮುಂದೆ ‘ಬೇಜಾರು’ ಎಂದರೆ, ಗಾಬರಿಪಡಬೇಡ ಎಂಬ ಸಮಾಧಾನವೇ ಅವಳಿಗೆ ದೊರೆಯಬಹುದು. ಪದ ಒಂದೇ, ಇಬ್ಬರಿಗೂ ಅರ್ಥವಾಯಿತೆಂದೇ ತೋರುತ್ತದೆ. ನೋವು ಮಾತ್ರ ದಾರಿಯಲ್ಲೇ ಉಳಿದುಹೋಗುತ್ತದೆ.

ವೈದ್ಯರಿಗೆ ಕನ್ನಡ ಬಾರದಿದ್ದಾಗ ಮನೆಯವರೇ ದುಭಾಷಿಗಳಾಗುವುದು ಅನಿವಾರ್ಯ. ತಾಯಿಯ ಮಾತನ್ನು ಮಗನು, ಮಗಳ ಮಾತನ್ನು ತಂದೆಯು ಅನುವಾದಿಸುವಾಗ ಹೇಳಬೇಕಾದುದರಲ್ಲಿ ಒಂದಷ್ಟು ನಾಚಿಕೆಯಿಂದ, ಒಂದಷ್ಟು ಭಯದಿಂದ ಸೋರಿಹೋಗುತ್ತದೆ. ಮನೆಯವರ ವಿಷಯದಲ್ಲಿಯೇ ದೂರಿರುವ ಮಗು ಏನು ಮಾಡಬೇಕು? ಕನ್ನಡ ಬಲ್ಲ ಆಪ್ತಸಮಾಲೋಚಕರು ಬೇಕೆಂಬ ಬೇಡಿಕೆ ಇಂತಹ ಮಕ್ಕಳಿಗಾಗಿ. ಕನ್ನಡದಲ್ಲಿ ಅರ್ಜಿ ನಮೂನೆ ಬೇಕೆಂದು ಕೇಳುವ ನಾವು ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕು ಕಚೇರಿಯ ಕಿಟಕಿಯ ಬಳಿಯೇ ಮುಗಿಯಬಾರದು.

ಮಗುವಿನಲ್ಲಿ ಗಮನಿಸಬೇಕಾದ ಬದಲಾವಣೆಗಳು ಚಿತ್ರದಲ್ಲಿರುವಷ್ಟು ನಾಟಕೀಯವಾಗಿರುವುದಿಲ್ಲ. ನಿದ್ರೆ ಕೆಡುವುದು, ಊಟ ಸೇರದಿರುವುದು, ಗೆಳೆಯರಿಂದ ದೂರ ಸರಿಯುವುದು, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು, ನಡೆದುದು ನೆನಪಿಲ್ಲವೆನ್ನುವುದು, ಕಾರಣವಿಲ್ಲದ ಹೊಟ್ಟೆನೋವು ತಲೆನೋವು ಮರುಕಳಿಸುವುದು, ಬದುಕು ಬೇಡವೆಂಬ ಮಾತು ಬರುವುದು. ಇವುಗಳಲ್ಲಿ ಕೊನೆಯದು ಒಮ್ಮೆ ಕೇಳಿಬಂದರೂ ತಡಮಾಡಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ ತಿಂಗಳಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ, ಹಲವು ಭಾರತೀಯ ಭಾಷೆಗಳಲ್ಲಿ ಅದು ದೊರೆಯುತ್ತದೆ. ಕರೆ ಮಾಡಿದಾಗ ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕವೂ ಮನೋವೈದ್ಯರ ಸೇವೆ ಪಡೆಯಬಹುದು.

‘ಮಣಿಚಿತ್ರತ್ತಾಳ್’ ಮತ್ತೊಮ್ಮೆ ದೂರದರ್ಶನದಲ್ಲಿಯೋ ಮೊಬೈಲಿನಲ್ಲಿಯೋ ಕಣ್ಣಿಗೆ ಬಿದ್ದರೆ ಮಕ್ಕಳೊಡನೆ ಕುಳಿತು ನೋಡಬಹುದು. ಅವರು ಹೆದರಲಿ, ನಗಲಿ, ಶೋಭನಾ ಅವರ ನೃತ್ಯವನ್ನು ಮೆಚ್ಚಲಿ. ಮುಗಿದ ಬಳಿಕ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು: ತಪ್ಪು ಮಾಡದ ಶ್ರೀದೇವಿಯನ್ನು ನಾವೆಲ್ಲರೂ ಏಕೆ ಸಂಶಯಿಸಿದೆವು? ಅಜ್ಜಿಯ ಮನೆಯಲ್ಲಿದ್ದ ಪುಟ್ಟ ಗಂಗೆಯ ದುಃಖವನ್ನು ಅಂದು ಯಾರಾದರೂ ಅವಳ ಭಾಷೆಯಲ್ಲಿ ಕೇಳಿದ್ದರೆ ನಾಗವಲ್ಲಿ ಬರುತ್ತಿದ್ದಳೇ?